ರನ್‌ವೇ ಮೈಮೇಲಿನ ಗೀರುಗಳು

ಜುಲೈ ತಿಂಗಳ ಮಳೆ. ಮಂಗಳೂರಿನಿಂದ ಬಂದ ನಮ್ಮ ವಿಮಾನ ಮುಂಬೈಯಲ್ಲಿ ಧಡ್ ಎಂದು ನೆಲಕ್ಕೆ ಬಡಿಯಿತು. ಪಕ್ಕದಲ್ಲಿದ್ದ ದೊಡ್ಡಮ್ಮ ನನ್ನ ಕೈ ಗಟ್ಟಿ ಹಿಡಿದು, “ಎಂಥ ಡ್ರೈವರ ಮಾರಾಯ ಇವ, ಮೆಲ್ಲ ಇಳಿಸ್ಲಿಕ್ಕೆ ಆಗುದಿಲ್ವಾ?” ಎಂದರು.

ಮಳೆಯಲ್ಲಿ ಹಾಗೆ ಇಳಿಸುವುದೇ ಸರಿ ಎಂದರೆ ಅವರು ನಂಬಲಿಲ್ಲ. ನೀವೂ ನಂಬದಿರಬಹುದು. ಆದ್ದರಿಂದ ಈ ಸಲ ಅದೇ ವಿಷಯ.

ಇಳಿಯುವ ವಿಮಾನದ ವೇಗ ಗಂಟೆಗೆ ಸುಮಾರು 250 ಕಿ.ಮೀ. ಆ ವೇಗದಲ್ಲಿ ಟಯರಿನಡಿಯ ನೀರಿಗೆ ಪಕ್ಕಕ್ಕೆ ಸರಿಯಲು ಪುರುಸೊತ್ತಿಲ್ಲ. ನೀರೇ ಟಯರನ್ನು ಎತ್ತಿ ಹಿಡಿಯುತ್ತದೆ, ಬ್ರೇಕ್ ಒತ್ತಿದರೂ ಚಕ್ರ ಜಾರುತ್ತದೆ. ಇದಕ್ಕೆ ಅಕ್ವಾಪ್ಲೇನಿಂಗ್ ಎನ್ನುತ್ತಾರೆ. ಗಟ್ಟಿಯಾಗಿ ಇಳಿಸಿದರೆ ಟಯರು ನೀರಿನ ಪದರ ಸೀಳಿ ನೆಲ ಮುಟ್ಟುತ್ತದೆ.

ಪೈಲಟ್ ಒಬ್ಬನಿಂದ ಇದು ಆಗುವ ಕೆಲಸವಲ್ಲ. ನೀರು ಎರಡೂ ಬದಿಗೆ ಹರಿಯಲೆಂದು ರನ್‌ವೇಯ ನಡುಭಾಗವನ್ನು ತುಸು ಎತ್ತರಿಸುತ್ತಾರೆ. ಮೇಲ್ಪದರಕ್ಕೆ ಒರಟು ಜಲ್ಲಿ ಹಾಕುತ್ತಾರೆ. ಆಮೇಲೆ ವಜ್ರದ ಹಲ್ಲಿನ ಗರಗಸದಿಂದ ಅಡ್ಡಕ್ಕೆ ಗೀರು ಕೊರೆಯುತ್ತಾರೆ. ಸಾಮಾನ್ಯ ಅಳತೆ 6 ಮಿ.ಮೀ. ಅಗಲ, 6 ಮಿ.ಮೀ. ಆಳ, 38 ಮಿ.ಮೀ.ಗೊಂದು ಗೀರು. ಟಯರು ಒತ್ತಿದಾಗ ನೀರು ಈ ಗೀರುಗಳಿಗೆ ನುಗ್ಗಿ ದಾರಿ ಬಿಡುತ್ತದೆ. 1960ರ ದಶಕದಲ್ಲಿ ನಾಸಾ ಇದನ್ನು ಪರೀಕ್ಷಿಸಿತು. 1967ರಲ್ಲಿ ವಾಷಿಂಗ್ಟನ್ನಿನ ನ್ಯಾಷನಲ್ ವಿಮಾನ ನಿಲ್ದಾಣಕ್ಕೆ ಗೀರು ಹಾಕಲಾಯಿತು.

ಕೊರೆದರೆ ಮುಗಿಯಲಿಲ್ಲ. ಪ್ರತಿ ವಿಮಾನ ಇಳಿದಾಗಲೂ ಟಯರಿನ ರಬ್ಬರು ಕರಗಿ ಅಂಟುತ್ತದೆ, ಗೀರು ತುಂಬುತ್ತದೆ. ಭಾರೀ ಒತ್ತಡದ ನೀರು ಹಾಯಿಸಿ ಅದನ್ನು ಕೀಳಬೇಕು. ಹಿಡಿತ ಎಷ್ಟಿದೆ ಎಂದು ಅಳೆಯುವ ಚಕ್ರವುಳ್ಳ ವಾಹನ ಓಡಿಸಿ ನೋಡಬೇಕು. ಮುಂಬೈಯಲ್ಲಿ ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಎರಡೂ ರನ್‌ವೇಗಳನ್ನು 6 ಗಂಟೆ ಮುಚ್ಚಿ ದುರಸ್ತಿ ಮಾಡುತ್ತಾರೆ. ವಿಮಾನದ ಹೊತ್ತು ಬದಲಾಯಿತೆಂದು ಆಗ ನಾನೂ ಗೊಣಗಿದವನೇ.

ಆದರೆ ಎಂಥ ರನ್‌ವೇಯೂ ಉದ್ದವಿದ್ದಷ್ಟೇ ಕಾಪಾಡೀತು. 2020ರ ಆಗಸ್ಟ್ 7ರ ರಾತ್ರಿ ಕೋಯಿಕ್ಕೋಡಿನಲ್ಲಿ ಮಳೆ, ಹಿಂಗಾಳಿ. ವಿಮಾನ ನೆಲ ಮುಟ್ಟುವಾಗ ಸುಮಾರು ಅರ್ಧ ರನ್‌ವೇ ದಾಟಿಯಾಗಿತ್ತು. 21 ಜನ ಪ್ರಾಣ ಕಳೆದುಕೊಂಡರು. ಹೂವಿನಂತೆ ಇಳಿಸಲು ಹೋಗಿ ವಿಮಾನ ತೇಲುತ್ತ ಮುಂದೆ ಸಾಗಿದರೂ ಹೀಗೆಯೇ ಉದ್ದ ಸಾಲದೆ ಹೋಗಬಹುದು.

ಮನೆಗೆ ಬರುವಾಗ ಇಷ್ಟನ್ನೂ ದೊಡ್ಡಮ್ಮನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದರು: “ಪಾಚಿ ಕಟ್ಟಿದ ಅಂಗಳಕ್ಕೆ ನಾವು ಸೋಗೆ ಹಾಕುದಿಲ್ವಾ, ಹಾಗೆಯೇ ಅಲ್ವಾ? ಅದರ ಮೇಲೂ ಕಾಲು ಗಟ್ಟಿ ಊರಿಯೇ ನಡೀಬೇಕು.”