ತಿಪ್ಪೇಗೌಡರ ಪರವಾಗಿ

ಕಳೆದ ತಿಂಗಳು ನನ್ನ ತಮ್ಮನ ಮೊಮ್ಮಗನ ನಾಮಕರಣಕ್ಕೆಂದು ಬೆಂಗಳೂರಿಗೆ ಹೋಗಿದ್ದೆ. ಬಾಡಿಗೆಯ ಸಭಾಂಗಣ, ಇನ್ನೂರು ಎಲೆಯ ಊಟ, ಹೂವಿನಲ್ಲಿ ಮುಚ್ಚಿಹೋದ ತೊಟ್ಟಿಲು, ಯಾವುದಕ್ಕೂ ಕೊರತೆಯಿರಲಿಲ್ಲ. ಮಗುವಿನ ಕಿವಿಯಲ್ಲಿ ಹೆಸರು ಹೇಳುವ ಹೊತ್ತಿಗೆ ಮಾತ್ರ ಸ್ವಲ್ಪ ತೊಡಕಾಯಿತು. ಮನೆಗೆ ಹಿರಿಯಳೆಂದು ನನ್ನ ತಂಗಿಯನ್ನು ಆ ಕೆಲಸಕ್ಕೆ ಕೂರಿಸಿದ್ದರು. ಆಕೆ ಮೊದಲನೆಯ ಸಲ ‘ಇರಿಯಾಸು’ ಎಂದಳು. ಎರಡನೆಯ ಸಲ ‘ಹರಿಯಂಸ’ ಎಂದಳು. ಮೂರನೆಯ ಸಲ ಗೊಡವೆಯೇ ಬೇಡವೆಂದು ‘ಚಿನ್ನಾ’ ಎಂದು ಕರೆದು ಎದ್ದುಬಿಟ್ಟಳು. ಮಗುವಿನ ಹೆಸರು ‘ಹ್ರಿಯಾಂಶ್’.

“ಅರ್ಥ ಏನಪ್ಪಾ?” ಎಂದು ಮಗುವಿನ ತಂದೆಯನ್ನು ಕೇಳಿದೆ. ಅವನು ಜೇಬಿನಿಂದ ಫೋನು ತೆಗೆದು ನೋಡಿ, “ಸಂಪತ್ತಿನ ಅಂಶ ಅಂತ, ದೊಡ್ಡಪ್ಪ. ಶುದ್ಧ ಸಂಸ್ಕೃತ” ಎಂದ. ಊರಿಗೆ ಬಂದ ಮೇಲೆ ಸುಮ್ಮನಿರಲಾರದೆ ಸಂಸ್ಕೃತ ನಿಘಂಟನ್ನು ತೆಗೆದು ನೋಡಿದೆ. ಸಂಪತ್ತು ಅಲ್ಲೆಲ್ಲೂ ಸಿಕ್ಕಲಿಲ್ಲ. ‘ಹ್ರೀ’ ಎಂದರೆ ನಾಚಿಕೆ. ‘ಹ್ರಿಯಾ’ ಎಂದರೆ ನಾಚಿಕೆಯಿಂದ. ಈ ನಾಚಿಕೆ ಯಾರಿಗೆ ಸಲ್ಲಬೇಕಾದದ್ದು ಎಂಬುದನ್ನು ಕೊನೆಗೆ ಹೇಳುತ್ತೇನೆ.

ಹೆಸರು ಹೇಗಾದರೂ ಇರಲಿ, ಮಗು ನೂರು ವರ್ಷ ಬಾಳಲಿ. ನನಗೆ ನೋವಾದದ್ದು ಆಹ್ವಾನಪತ್ರಿಕೆಯ ಇನ್ನೊಂದು ಸಾಲಿನಿಂದ. ಅಲ್ಲಿ ಮಗುವನ್ನು ‘ದಿ. ಟಿ. ಗೌಡರ ಮರಿಮಗ’ ಎಂದು ಅಚ್ಚು ಹಾಕಿಸಿದ್ದರು. ಟಿ. ಗೌಡ ಎಂಬ ಮನುಷ್ಯ ನಮ್ಮ ವಂಶದಲ್ಲಿ ಹುಟ್ಟಿಯೇ ಇಲ್ಲ. ನನ್ನ ತಂದೆಯ ಹೆಸರು ತಿಪ್ಪೇಗೌಡ.

ಓದುಗರಲ್ಲಿ ಕೆಲವರಿಗೆ ಇಷ್ಟರಲ್ಲೇ ನಗು ಬಂದಿರಬಹುದು. ನಕ್ಕು ಮುಗಿಸಿದ ಮೇಲೆ ಈ ಹೆಸರು ಬಂದ ಬಗೆಯನ್ನು ಕೇಳಬೇಕು. ಚಿತ್ರದುರ್ಗದ ಸೀಮೆಯಲ್ಲಿ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗೆ ನಡೆದುಕೊಳ್ಳುವ ಒಕ್ಕಲಲ್ಲಿ ತಿಪ್ಪೇಸ್ವಾಮಿ, ತಿಪ್ಪಮ್ಮ ಎಂಬ ಹೆಸರುಗಳು ಮನೆಮನೆಯಲ್ಲೂ ಉಂಟು. ನಮ್ಮಪ್ಪನದು ಮಾತ್ರ ಹರಕೆಯ ಹೆಸರಲ್ಲ. ನನ್ನ ಅಜ್ಜಿಗೆ ಮೊದಲ ಮೂರು ಮಕ್ಕಳೂ ತೊಟ್ಟಿಲು ದಾಟಲಿಲ್ಲ. ನಾಲ್ಕನೆಯದು ಹುಟ್ಟಿದಾಗ ಅದನ್ನು ಮೊರದಲ್ಲಿಟ್ಟು ಹಿತ್ತಲ ತಿಪ್ಪೆಯ ಮೇಲೆ ಮಲಗಿಸಿದರು. ನೆರೆಮನೆಯಾಕೆ ಬಂದು, “ಯಾರೋ ಕೂಸನ್ನ ಬಿಸಾಕವ್ರೆ” ಎಂದು ಎತ್ತಿಕೊಂಡಳು. ಅಜ್ಜಿ ಒಂದು ಸೇರು ತೌಡು ಕೊಟ್ಟು ತನ್ನ ಮಗುವನ್ನು ತಾನೇ ಕೊಂಡುಕೊಂಡಳು. ಸಾವು ಬಂದು ಹುಡುಕಿದರೆ ಅದಕ್ಕೆ ಕಾಣುವುದು ತಿಪ್ಪೆಯಿಂದ ತಂದ, ತೌಡಿನ ಬೆಲೆಯ ಒಂದು ವಸ್ತು. ಯಾರ ಮುದ್ದಿನ ಮಗನೂ ಅಲ್ಲ. ಇದು ಅಜ್ಜಿಯ ಲೆಕ್ಕಾಚಾರ. ನಮ್ಮಪ್ಪ ಎಂಬತ್ತೊಂದು ವರ್ಷ ಬದುಕಿದರು.

ಈಗ ಹೇಳಿ: ‘ತಿಪ್ಪೆ’ ಎಂಬುದು ಈ ಹೆಸರಿನ ಅರ್ಥವೆ? ನಿಘಂಟಿನ ಅರ್ಥ ಅದು ಹೌದು. ಇಟ್ಟವಳ ಅರ್ಥ ‘ಇವನೊಬ್ಬನಾದರೂ ಉಳಿಯಲಿ’ ಎಂಬುದು. ನನ್ನ ವಾದವೆಲ್ಲ ಇಷ್ಟೇ. ಹೆಸರಿಗೆ ‘ಅರ್ಥವೇನು’ ಎಂದು ಕೇಳುವುದು ಅರ್ಧ ಪ್ರಶ್ನೆ. ‘ಏಕೆ ಇಟ್ಟರು’ ಎಂದು ಕೇಳಿದರೆ ಮಾತ್ರ ಅದು ಪೂರ್ತಿಯಾಗುತ್ತದೆ. ಇಂದಿನ ತಂದೆತಾಯಿಗಳು ಅರ್ಧ ಪ್ರಶ್ನೆಯನ್ನು ಹಿಡಿದುಕೊಂಡು, ಅದಕ್ಕೂ ತಪ್ಪು ಉತ್ತರವನ್ನು ಕೊಂಡು ತರುತ್ತಿದ್ದಾರೆ.

ಇದು ಹಳ್ಳಿಯವರ ಮೂಢನಂಬಿಕೆ ಎನ್ನುವ ವಿದ್ಯಾವಂತರು ಸ್ವಲ್ಪ ನಿಲ್ಲಬೇಕು. ತಮಿಳಿನ ಕುಪ್ಪುಸ್ವಾಮಿಯ ‘ಕುಪ್ಪೈ’ ಎಂದರೂ ಕಸ. ತೆಲುಗಿನ ಪೆಂಟಯ್ಯನ ‘ಪೆಂಟ’ ಎಂದರೂ ತಿಪ್ಪೆಯೇ. ಗ್ರೀಕರೂ ರೋಮನರೂ ಆಳಿದ ಕಾಲದ ಈಜಿಪ್ಟಿನ ಹಳೆಯ ಕಾಗದಪತ್ರಗಳಲ್ಲಿ ಕೊಪ್ರೆಯುಸ್, ಕೊಪ್ರಿಯಾ ಎಂಬ ಹೆಸರುಗಳು ಸಿಕ್ಕುತ್ತವೆ. ಗ್ರೀಕಿನಲ್ಲಿ ‘ಕೊಪ್ರೊಸ್’ ಎಂದರೆ ಸಗಣಿಗೊಬ್ಬರ. ಜಪಾನನ್ನೆಲ್ಲ ಕೈವಶ ಮಾಡಿಕೊಂಡಿದ್ದ ತೊಯೊತೊಮಿ ಹಿದೆಯೊಶಿಗೆ ಐವತ್ತು ದಾಟಿದ ಮೇಲೆ, 1589ರಲ್ಲಿ, ಗಂಡುಮಗುವಾಯಿತು. ಅದನ್ನು ‘ಸುತೆ’ ಎಂದು ಕರೆದರು; ಬಿಸಾಡಿದ್ದು ಎಂದು ಅದರ ಅರ್ಥ. ಆ ಮಗು 1591ರಲ್ಲಿ ತೀರಿಕೊಂಡಿತು. 1593ರಲ್ಲಿ ಇನ್ನೊಂದು ಹುಟ್ಟಿತು. ಅದಕ್ಕೆ ‘ಹಿರೋಯಿ’ ಎಂದು ಹೆಸರಾಯಿತು. ಹೆಕ್ಕಿಕೊಂಡದ್ದು ಎಂದು ಅರ್ಥ. ಕೋಟೆ ಕೊತ್ತಲ, ಸೈನ್ಯ, ಬೊಕ್ಕಸ ಎಲ್ಲ ಇದ್ದ ಆ ದೊರೆಗೂ, ಹಿತ್ತಲಲ್ಲಿ ಮೊರ ಹಿಡಿದು ನಿಂತ ನನ್ನ ಅಜ್ಜಿಗೂ ಆ ಗಳಿಗೆಯಲ್ಲಿ ಏನು ವ್ಯತ್ಯಾಸ?

ಮಂಗೋಲಿಯಾದಲ್ಲಿ ನೆರ್ಗುಯಿ ಎಂದರೆ ‘ಹೆಸರಿಲ್ಲದವನು’, ಎನೆಬಿಷ್ ಎಂದರೆ ‘ಇವನಲ್ಲ’. ಮಗುವನ್ನು ಹುಡುಕಿಕೊಂಡು ಬಂದ ಪೀಡೆಗೆ ‘ನೀನು ಕೇಳುವವನು ಇವನಲ್ಲ, ಮುಂದೆ ಹೋಗು’ ಎಂದು ಬಾಗಿಲಲ್ಲೇ ಹೇಳಿ ಕಳಿಸುವ ಉಪಾಯ. ಚೀನದ ಹಳ್ಳಿಗಳಲ್ಲಿ ಮಗುವನ್ನು ‘ಗೌಶೆಂಗ್’ ಎಂದು ಕರೆಯುತ್ತಿದ್ದರು. ನಾಯಿ ತಿಂದು ಬಿಟ್ಟದ್ದು ಎಂದರ್ಥ. ಪಶ್ಚಿಮ ಆಫ್ರಿಕದ ಯೊರುಬಾ ಜನರಲ್ಲಿ ಮಕ್ಕಳು ಸಾಯುತ್ತಲೇ ಹೋದ ಮನೆಗಳಲ್ಲಿ ಮುಂದಿನ ಮಗುವಿಗೆ ‘ಮಾಲೊಮೊ’ ಎಂದು ಹೆಸರಿಡುವುದುಂಟು. ಇನ್ನು ಹೋಗಬೇಡ ಎಂದು ಅರ್ಥ. ‘ದುರೊಜಯೆ’ ಎಂದರೆ ನಿಲ್ಲು, ಬಾಳಿನ ಸುಖ ಉಣ್ಣು ಎಂದು. ಒಬ್ಬರ ಭಾಷೆ ಇನ್ನೊಬ್ಬರಿಗೆ ತಿಳಿಯದ, ಒಬ್ಬರ ಮುಖ ಇನ್ನೊಬ್ಬರು ಕಾಣದ ಇಷ್ಟು ಜನ ತಾಯಂದಿರು ಒಂದೇ ಮಾತನ್ನು ಹೇಳಿದ್ದಾರೆಂದ ಮೇಲೆ, ಅದನ್ನು ಅಸಹ್ಯವೆಂದು ಮೂಗು ಮುಚ್ಚಿಕೊಳ್ಳುವುದು ಯಾವ ನಾಗರಿಕತೆ?

ನಮ್ಮ ಪೇಟೆಯ ಜನರ ಕಿವಿಯ ರೀತಿಯೂ ವಿಚಿತ್ರವಾದದ್ದು. ಕಲ್ಲಪ್ಪ ಎಂದರೆ ಒಡ್ಡೊಡ್ಡು, ಪೀಟರ್ ಎಂದರೆ ನಯ. ಪೀಟರ್ ಎಂದರೂ ಕಲ್ಲೇ, ಮಹಾಶಯರೆ! ಗ್ರೀಕಿನಲ್ಲಿ ‘ಪೆತ್ರೊಸ್’ ಎಂದರೆ ಕಲ್ಲು. 1958ರಲ್ಲಿ ಭಾರತರತ್ನ ಪಡೆದ ಮಹರ್ಷಿ ಕರ್ವೆಯವರ ಹೆಸರು ಧೋಂಡೋ. ಮರಾಠಿಯ ‘ಧೋಂಡಾ’ ಎಂದರೂ ಕಲ್ಲೇ. ಪುಟ್ಟಪ್ಪ ಹಳೆಯ ಕಾಲದ ಹೆಸರು, ಪಾಲ್ ಹೊಸ ಕಾಲಕ್ಕೆ ಒಪ್ಪುವ ಹೆಸರು ಎನ್ನುತ್ತೀರಿ. ಲ್ಯಾಟಿನ್ನಿನ ‘ಪೌಲುಸ್’ ಎಂದರೆ ಪುಟ್ಟವನೆಂದೇ ಅರ್ಥ. ನಮ್ಮ ಪುಟ್ಟಪ್ಪನವರು 1964ರಲ್ಲಿ ರಾಷ್ಟ್ರಕವಿಯಾದರು; ಹೆಸರಿನ ಚಿಕ್ಕತನ ಯಾವುದಕ್ಕೂ ಅಡ್ಡ ಬರಲಿಲ್ಲ. ರೇಚಲ್ ಎಂಬ ಇಂಪಾದ ಹೆಸರಿಗೆ ಹೀಬ್ರೂ ಭಾಷೆಯಲ್ಲಿ ಹೆಣ್ಣುಕುರಿ ಎಂದು ಅರ್ಥ. ನಮ್ಮಲ್ಲಿ ಯಾರಾದರೂ ಮಗಳಿಗೆ ಕುರಿಯಮ್ಮ ಎಂದಿಟ್ಟರೆ ಬಂಧುಗಳು ಸುಮ್ಮನಿರುತ್ತಾರೆಯೆ?

ಇದಕ್ಕಿಂತ ನೋವಿನ ಉದಾಹರಣೆ ನಮ್ಮ ಕರಾವಳಿಯಲ್ಲಿದೆ. ಘಾನಾದ ಅಕಾನ್ ಜನರು ಮಗು ಹುಟ್ಟಿದ ವಾರದ ಮೇಲೆ ಹೆಸರಿಡುತ್ತಾರೆ. ಶುಕ್ರವಾರ ಹುಟ್ಟಿದ ಗಂಡು ಕೋಫಿ, ಶನಿವಾರದವನು ಕ್ವಾಮೆ. ಕ್ವಾಮೆ ಎನ್‌ಕ್ರುಮಾ 1957ರಲ್ಲಿ ತನ್ನ ನಾಡನ್ನು ಸ್ವಾತಂತ್ರ್ಯಕ್ಕೆ ಮುಟ್ಟಿಸಿದ. ಕೋಫಿ ಅನ್ನಾನ್ 1997ರಿಂದ 2006ರವರೆಗೆ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಯಾಗಿದ್ದರು. ನಮ್ಮ ಪತ್ರಿಕೆಗಳು ಆ ಹೆಸರುಗಳನ್ನು ಎಷ್ಟು ಗೌರವದಿಂದ ಅಚ್ಚು ಹಾಕಿದವು! ತುಳುನಾಡಿನಲ್ಲಿಯೂ ಇದೇ ಪದ್ಧತಿಯಿತ್ತು. ಭಾನುವಾರ ಹುಟ್ಟಿದವನು ಐತ, ಮಂಗಳವಾರದವನು ಅಂಗಾರ, ಶುಕ್ರವಾರದವನು ತುಕ್ರ, ಶನಿವಾರದವನು ಚನಿಯ. ಹೆಚ್ಚಾಗಿ ಗದ್ದೆಯಲ್ಲಿ ದುಡಿಯುವ ಬಡವರ ಹೆಸರುಗಳಿವು. ತುಕ್ರನನ್ನು ನಾವು ಎಲ್ಲಿಗೆ ಕಳಿಸಿದೆವು? ನಗೆನಾಟಕದ ಆಳಿನ ಪಾತ್ರಕ್ಕೆ. ಕೋಫಿಯೂ ತುಕ್ರನೂ ಒಂದೇ ಶುಕ್ರವಾರದ ಮಕ್ಕಳು. ನಾವು ನಕ್ಕದ್ದು ಹೆಸರಿಗಲ್ಲ, ಆ ಹೆಸರನ್ನು ಹೊತ್ತವನ ಬಡತನಕ್ಕೆ, ಅವನ ಜಾತಿಗೆ.

ಜಾತಿಯ ಮಾತು ಬಂದದ್ದರಿಂದ ನನ್ನ ವಾದಕ್ಕೆ ಎದುರಾಗಿ ನಿಲ್ಲುವ ಒಂದು ಮಾತನ್ನು ನಾನೇ ಹೇಳಬೇಕು. ಕೀಳೆನಿಸುವ ಹೆಸರೆಲ್ಲವೂ ತಾಯಿಯ ಪ್ರೀತಿಯಿಂದ ಬಂದದ್ದಲ್ಲ. ಬ್ರಾಹ್ಮಣನ ಹೆಸರು ಮಂಗಳವನ್ನು, ಕ್ಷತ್ರಿಯನದು ಬಲವನ್ನು, ವೈಶ್ಯನದು ಧನವನ್ನು ಸೂಚಿಸಬೇಕು, ಶೂದ್ರನದು ಜುಗುಪ್ಸೆ ಹುಟ್ಟಿಸುವಂತಿರಬೇಕು ಎಂದು ಮನುಸ್ಮೃತಿಯ ಎರಡನೆಯ ಅಧ್ಯಾಯ ವಿಧಿಸಿದೆ. ಒಡೆಯನ ಜಗಲಿಯಿಂದ ಎಸೆದ ಹೆಸರನ್ನು ತಲೆತಲಾಂತರ ಹೊತ್ತವರು ಅದನ್ನು ಕಿತ್ತೆಸೆದು ತಮಗೆ ಬೇಕಾದದ್ದನ್ನು ಇಟ್ಟುಕೊಂಡರೆ, ಅದನ್ನು ಪ್ರಶ್ನಿಸುವ ಹಕ್ಕು ನನಗೂ ಇಲ್ಲ, ನಿಮಗೂ ಇಲ್ಲ. ಅಲ್ಲಿಯೂ ಕೇಳಬೇಕಾದ ಪ್ರಶ್ನೆ ಅದೇ: ಯಾರು ಇಟ್ಟರು, ಏಕೆ ಇಟ್ಟರು? ಉತ್ತರ ಅವಮಾನವಾದರೆ ಬಿಡಿ, ಅಕ್ಕರೆಯಾದರೆ ಉಳಿಸಿಕೊಳ್ಳಿ. ಕೇಳದೆಯೇ ಎರಡನ್ನೂ ಒಂದೇ ಗುಡಿಸಲಿನಲ್ಲಿ ಗುಡಿಸಿಹಾಕಬೇಡಿ.

ಹಾಗೆ ಗುಡಿಸಿಹಾಕಿದಾಗ ಹೋಗುವುದೇನು ಎಂಬುದನ್ನೂ ನೋಡಿ. ಉತ್ತರ ಕರ್ನಾಟಕದಲ್ಲಿ ಹಿಂದೂ ಮನೆಗಳಲ್ಲಿ ಫಕೀರಪ್ಪ, ಹುಸೇನಪ್ಪ ಎಂಬ ಹೆಸರುಗಳುಂಟು. ಶಿರಹಟ್ಟಿಯ ಫಕೀರೇಶ್ವರನಿಗೆ ನಡೆದುಕೊಂಡವರು, ಮೊಹರಮ್ಮಿನಲ್ಲಿ ಅಲಾಯಿ ದೇವರಿಗೆ ಹರಕೆ ಹೊತ್ತವರು ಇಟ್ಟ ಹೆಸರುಗಳು. ಎರಡು ಧರ್ಮದವರು ಒಂದೇ ಊರಿನಲ್ಲಿ ಹೇಗೆ ಬಾಳಿದರೆಂಬುದಕ್ಕೆ ಎಷ್ಟು ಭಾಷಣಗಳು ಬೇಕು, ಒಬ್ಬ ಹುಸೇನಪ್ಪ ಎದುರಿಗೆ ನಿಂತಿರುವಾಗ? ಸಾಕಮ್ಮ ಎಂಬ ಹೆಸರಿನಲ್ಲಿ ಹೆಣ್ಣುಮಕ್ಕಳು ಸಾಕಪ್ಪಾ ಸಾಕು ಎಂದ ಮನೆಯ ಕ್ರೌರ್ಯವೂ ಇರಬಹುದು. ಅದೂ ನಮ್ಮ ಚರಿತ್ರೆಯೇ. ಮರೆತರೆ ನಾವೇನೋ ಮೊದಲಿನಿಂದಲೂ ಸಜ್ಜನರಾಗಿದ್ದೆವೆಂದು ಭ್ರಮಿಸುತ್ತೇವೆ.

ಕಿಸೆಯ ಫೋನಿನಲ್ಲಿ ಸಿಕ್ಕುವ ಹೆಸರಿನಲ್ಲಿ ಊರಿಲ್ಲ, ದೇವರಿಲ್ಲ, ಅಜ್ಜಿಯಿಲ್ಲ, ಹುಟ್ಟಿದ ವಾರವೂ ಇಲ್ಲ. ಅದು ಯಾರ ಮಗುವಿಗಾದರೂ ಆದೀತು. ಹೆಸರಿಗೆ ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ ಎಂದು ನಮ್ಮ ಹಿರಿಯರು ನಗುತ್ತಿದ್ದರು. ಆ ಭಟ್ಟನ ಹೆಸರಿಗಾದರೂ ಅರ್ಥವಿತ್ತು.

“ಶಾಲೆಯಲ್ಲಿ ಮಕ್ಕಳು ಗೇಲಿ ಮಾಡುತ್ತಾರಲ್ಲ?” ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಇದಕ್ಕೆ ರೋಮಿನ ಒಬ್ಬ ವಕೀಲನ ಕಥೆಯನ್ನು ಹೇಳುತ್ತೇನೆ. ಸಿಸಿರೋ ಎಂಬ ಹೆಸರಿನ ಮೂಲ ಲ್ಯಾಟಿನ್ನಿನ ‘ಕಿಕೆರ್’, ಎಂದರೆ ಕಡಲೆ. ವಂಶದ ಹಿರಿಯನೊಬ್ಬನ ಮೂಗಿನ ತುದಿ ಕಡಲೆಕಾಳಿನಂತೆ ಸೀಳಿತ್ತಂತೆ. ರಾಜಕೀಯಕ್ಕೆ ಇಳಿಯುವಾಗ ಗೆಳೆಯರು ಈ ಕಡಲೆಯನ್ನು ಬಿಟ್ಟು ಒಳ್ಳೆಯ ಹೆಸರಿಟ್ಟುಕೋ ಎಂದರು. ಆತ ಒಪ್ಪಲಿಲ್ಲ, ರೋಮಿನ ದೊಡ್ಡ ಮನೆತನಗಳ ಹೆಸರಿಗಿಂತ ಇದನ್ನೇ ದೊಡ್ಡದು ಮಾಡುತ್ತೇನೆಂದ. ಕ್ರಿ.ಪೂ. 75ರಲ್ಲಿ ಸಿಸಿಲಿ ದ್ವೀಪದ ಅಧಿಕಾರಿಯಾಗಿದ್ದಾಗ ದೇವರಿಗೆ ಬೆಳ್ಳಿಯ ಪಾತ್ರೆಯೊಂದನ್ನು ಅರ್ಪಿಸಿ, ಅದರ ಮೇಲೆ ತನ್ನ ಮೊದಲೆರಡು ಹೆಸರುಗಳನ್ನು ಅಕ್ಷರದಲ್ಲಿ ಕೊರೆಯಿಸಿ, ಮೂರನೆಯದರ ಜಾಗದಲ್ಲಿ ಒಂದು ಕಡಲೆಕಾಳನ್ನು ಕೆತ್ತಿಸಿದನೆಂದು ಪ್ಲೂಟಾರ್ಕ್ ಬರೆದಿದ್ದಾನೆ.

ಈ ಕಥೆಯನ್ನು ಗರ್ವದಿಂದ ಹೇಳುವ ಯೋಗ್ಯತೆ ನನಗಿಲ್ಲ. ಆಹ್ವಾನಪತ್ರಿಕೆಯ ವಿಷಯಕ್ಕೆ ಮರಳುತ್ತೇನೆ. ಊಟವಾದ ಮೇಲೆ ತಮ್ಮನ ಮಗನನ್ನು ಪಕ್ಕಕ್ಕೆ ಕರೆದು, “ನಿನ್ನ ತಾತನ ಹೆಸರನ್ನ ಯಾಕಪ್ಪಾ ಹೀಗೆ ಕತ್ತರಿಸಿದೆ?” ಎಂದು ಸ್ವಲ್ಪ ಬಿರುಸಾಗಿಯೇ ಕೇಳಿದೆ. ಅವನು ಬೆಪ್ಪಾಗಿ, “ನಾನೆಲ್ಲಿ ಕತ್ತರಿಸಿದೆ ದೊಡ್ಡಪ್ಪ? ನಿಮ್ಮ ಕಾಗದಗಳಲ್ಲೆಲ್ಲ ಹಾಗೇ ಇದೆಯಲ್ಲ” ಎಂದ.

ಅವನು ಹೇಳಿದ್ದು ನಿಜ. ಪ್ರೌಢಶಾಲೆಗೆ ಸೇರಿದ ದಿನ ಗುಮಾಸ್ತರು ತಂದೆಯ ಹೆಸರು ಕೇಳಿದರು. ಹೇಳಿದೆ. “ಹುಟ್ಟೋಕೆ ಬೇರೆ ಜಾಗ ಸಿಗಲಿಲ್ಲವೇನೋ?” ಎಂದು ಅವರು ನಕ್ಕರು, ಸಾಲಿನಲ್ಲಿದ್ದವರೂ ನಕ್ಕರು. ಅಪ್ಪ ನನ್ನ ಪಕ್ಕದಲ್ಲೇ ನಿಂತಿದ್ದರು. ಅವರೂ ಸುಮ್ಮನೆ ನಕ್ಕರು. ಆಮೇಲೆ ನಾನು ಬರೆದ ಅರ್ಜಿಗಳಲ್ಲೆಲ್ಲ, ನೌಕರಿಯ ಕಾಗದದಲ್ಲಿ, ಮನೆಯ ಪತ್ರದಲ್ಲಿ, ತಂದೆಯ ಹೆಸರು ‘ಟಿ. ಗೌಡ’ ಎಂದೇ ಆಯಿತು. ನನ್ನ ಮದುವೆಯ ಲಗ್ನಪತ್ರಿಕೆಯನ್ನು ಅಕ್ಷರ ಕೂಡಿಸಿ ಕೂಡಿಸಿ ಓದಿದ ಅಪ್ಪ, “ಈ ಟೀ ಗೌಡ್ರು ಯಾರಪ್ಪಾ?” ಎಂದು ಕೇಳಿದ್ದರು. ನಾನು ಉತ್ತರ ಹೇಳಲಿಲ್ಲ. ಹ್ರಿಯಾ, ನಾಚಿಕೆಯಿಂದ.

ಮಗುವಿನ ಹೆಸರನ್ನು ಬದಲಾಯಿಸೆಂದು ನಾನು ಯಾರಿಗೂ ಹೇಳಿಲ್ಲ. ಇಟ್ಟದ್ದಾಯಿತು, ಕರೆದು ಕರೆದು ಅದಕ್ಕೂ ಒಂದು ಅರ್ಥ ಬಂದೀತು. ನಾನು ಮಾಡಿದ್ದು ಇಷ್ಟೇ. ಮೂರು ಹಾಳೆಗಳಲ್ಲಿ ಮೊರದ ಕಥೆ, ತಿಪ್ಪೆಯ ಕಥೆ, ಒಂದು ಸೇರು ತೌಡಿನ ಕಥೆಯನ್ನು ಬರೆದು, ಮಗುವಿನ ಜನನಪತ್ರದ ಜೊತೆಗಿಡು ಎಂದು ತಮ್ಮನ ಮಗನಿಗೆ ಅಂಚೆಯಲ್ಲಿ ಕಳಿಸಿದ್ದೇನೆ. ಓದುಗರಲ್ಲಿ ನನ್ನ ಬೇಡಿಕೆಯೂ ಅಷ್ಟೇ. ನಿಮ್ಮ ಮನೆಯ ತಿಪ್ಪಮ್ಮ, ಕಲ್ಲಪ್ಪ, ತುಕ್ರ, ಸಾಕಮ್ಮ ಇನ್ನೂ ಬದುಕಿದ್ದರೆ, ಹೆಸರು ಏಕೆ ಬಂತೆಂದು ಈ ಭಾನುವಾರವೇ ಕೇಳಿ ಬರೆದಿಟ್ಟುಕೊಳ್ಳಿ. ಮಕ್ಕಳಿಗೆ ಅದನ್ನೇ ಇಡದಿದ್ದರೂ ಚಿಂತೆಯಿಲ್ಲ. ಕಾಗದದ ಮೇಲೆ ಅವರನ್ನು ಒಂದು ಇಂಗ್ಲಿಷ್ ಅಕ್ಷರಕ್ಕೆ ಇಳಿಸಬೇಡಿ.