‘ಎಷ್ಟ್ ಕೊಡುತ್ತೆ?’ ಅನ್ನೋ ಪ್ರಶ್ನೆ ಸಾಕು ಮಾಡೋಣ

ಭಾಗ 1/7 🚗

ಚಿಕ್ಕ ಸ್ಪೋರ್ಟಿ ಕಾರು ತಗೊಂಡವರನ್ನ ಜನ ಮೊದಲು ಕೇಳೋದು ಎಂಜಿನ್ ಬಗ್ಗೆ ಅಲ್ಲ, ಬ್ರೇಕ್ ಬಗ್ಗೆಯೂ ಅಲ್ಲ. ಬಂಕ್ ಹುಡುಗ, ಅಪಾರ್ಟ್‌ಮೆಂಟ್ ಸೆಕ್ಯುರಿಟಿ ಅಣ್ಣ, ಮದುವೆ ಮನೆಯಲ್ಲಿ ಸಿಕ್ಕ ದೊಡ್ಡಪ್ಪ, ಎಲ್ಲರದ್ದೂ ಒಂದೇ ಪ್ರಶ್ನೆ: “ಎಷ್ಟ್ ಕೊಡುತ್ತೆ?”

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಈ ಪ್ರಶ್ನೆಗೆ ಪೂರ್ತಿ ಉತ್ತರ ಕಾರಲ್ಲಿ ಇಲ್ಲ. ಒಂದಿಷ್ಟು ನೀವು ದಿನಾ ಹೋಗೋ ರಸ್ತೆಯಲ್ಲಿದೆ, ಒಂದಿಷ್ಟು ನಿಮ್ಮ ಬಲಗಾಲಲ್ಲಿದೆ. ಸರಿಯಾದ ಉತ್ತರ ಸಿಕ್ಕಿದ್ರೂ, ಆ ಕಾರು ನಿಮ್ಮ ಕೈಗೆ ಎಟುಕುತ್ತಾ ಇಲ್ವಾ ಅನ್ನೋದನ್ನ ಅದು ಹೇಳಲ್ಲ.

ಇದನ್ನ ಈಗ ಯಾಕೆ ಬರೀತಿದೀನಿ ಅಂದ್ರೆ, ನಮ್ಮ ಬ್ಯಾಚಲ್ಲಿ ಒಬ್ಬೊಬ್ಬರಿಗೇ ಆಫರ್ ಲೆಟರ್ ಬರ್ತಿದೆ. ಅದರ ಹಿಂದೆಯೇ ಸೆಕೆಂಡ್ ಹ್ಯಾಂಡ್ ಕಾರಿನ ಲಿಂಕ್‌ಗಳೂ ಕ್ಲಾಸ್ ಗ್ರೂಪಿಗೆ ಬೀಳ್ತಿವೆ. ಜಾಸ್ತಿ ಬರೋದು ಪೋಲೋ ಜಿಟಿ. ಸಾಲಕ್ಕೆ ಅಪ್ಪನ ಸಹಿ ಬೇಕು. ಮನೇಲಿ ಜಗಳ ನಡೀತಿರೋದು ಮೈಲೇಜ್ ಬಗ್ಗೆ. ಅಪ್ಪ “ಪೆಟ್ರೋಲ್ ಕುಡಿಯುತ್ತೆ ಬೇಡ” ಅಂತಾರೆ, ಮಗ “ಇಲ್ಲಪ್ಪ, ಹೈವೇಲಿ 17 ಕೊಡುತ್ತೆ” ಅಂತಾನೆ. ಇಬ್ಬರೂ ಜಗಳ ಆಡ್ತಿರೋದು ಆ ಖರ್ಚಿನ ಮೂರನೇ ಒಂದು ಭಾಗದ ಬಗ್ಗೆ ಮಾತ್ರ. ಉಳಿದ ಎರಡು ಭಾಗದ ಮಾತೇ ಇಲ್ಲ.

ಏಳೂ ಭಾಗ ಓದಿ. ಲೆಕ್ಕ ತಪ್ಪಿದ್ರೆ ಕಾಮೆಂಟಲ್ಲಿ ಬೈಯಿರಿ.

ಭಾಗ 2/7 📋

ಮೊದಲು ಕಂಪನಿ ಹೇಳೋ ಅಂಕಿ ನೋಡೋಣ.

ಪೋಲೋ ಜಿಟಿ ಟಿಎಸ್‌ಐ ನಮ್ಮಲ್ಲಿ 2013ರಲ್ಲಿ ಬಂತು. 1.2 ಲೀಟರ್ ಟರ್ಬೊ ಎಂಜಿನ್, 105 ಪಿಎಸ್ ಪವರ್, 7 ಸ್ಪೀಡ್ ಆಟೋಮ್ಯಾಟಿಕ್. ಅಧಿಕೃತ ಮೈಲೇಜ್ ಲೀಟರಿಗೆ 17.2 ಕಿ.ಮೀ. ಬೆಂಗಳೂರು ಟ್ರಾಫಿಕ್ಕಲ್ಲಿ ಓಡಿಸೋ ಓನರ್‌ಗಳನ್ನ ಕೇಳಿ, 10ರ ಆಸುಪಾಸು ಅಂತಾರೆ.

ಹಾಗಾದ್ರೆ ಕಂಪನಿ ಸುಳ್ಳು ಹೇಳ್ತಾ? ಇಲ್ಲ. ಆ ಟೆಸ್ಟ್ ನಡೆಯೋದು ರಸ್ತೆ ಮೇಲಲ್ಲ, ಲ್ಯಾಬಲ್ಲಿ. ಕಾರಿನ ಚಕ್ರ ರೋಲರ್ ಮೇಲೆ ತಿರುಗುತ್ತೆ. ಎಷ್ಟು ಸೆಕೆಂಡಿಗೆ ಎಷ್ಟು ಸ್ಪೀಡ್ ಅನ್ನೋದು ಮೊದಲೇ ಬರೆದಿಟ್ಟಿರುತ್ತೆ. ಗರಿಷ್ಠ ವೇಗ ಗಂಟೆಗೆ 90 ಕಿ.ಮೀ., ಎಸಿ ಆಫ್. ಪೈಪಿಂದ ಬರೋ ಹೊಗೆಯಲ್ಲಿರೋ ಕಾರ್ಬನ್ ಅಳೆದು ಎಷ್ಟು ಪೆಟ್ರೋಲ್ ಸುಟ್ಟಿತು ಅಂತ ಲೆಕ್ಕ ಹಾಕ್ತಾರೆ. ಎಲ್ಲ ಕಾರಿಗೂ ಒಂದೇ ಪ್ರಶ್ನೆಪತ್ರಿಕೆ. ಎರಡು ಕಾರನ್ನ ಹೋಲಿಸೋಕೆ ಆ ಅಂಕಿ ಒಳ್ಳೇದು. ನಿಮ್ಮ ತಿಂಗಳ ಖರ್ಚು ಹೇಳೋಕೆ ಅದನ್ನ ಮಾಡಿಲ್ಲ.

ಪ್ರಶ್ನೆಪತ್ರಿಕೆ ಬದಲಾದ್ರೆ ಮಾರ್ಕ್ಸೂ ಬದಲಾಗುತ್ತೆ. ಇದಕ್ಕೆ ಒಳ್ಳೆ ಉದಾಹರಣೆ ನಮ್ಮಲ್ಲಿ ಅಧಿಕೃತವಾಗಿ ಮಾರದೇ ಇರೋ ಒಂದು ಕಾರು, ಮಾಜ್ದಾ ಎಂಎಕ್ಸ್-5. ಎರಡೇ ಸೀಟು, ತೂಕ ಸುಮಾರು ಒಂದು ಟನ್. ಚಿಕ್ಕ ಸ್ಪೋರ್ಟ್ಸ್ ಕಾರು ಅಂದ್ರೆ ಜಗತ್ತೆಲ್ಲ ತೋರಿಸೋದು ಇದನ್ನೇ. 2 ಲೀಟರ್ ಮ್ಯಾನುಯಲ್ ಕಾರಿಗೆ ಅಮೆರಿಕದ ಸರ್ಕಾರ ಕೊಡೋ ಅಂಕಿಯನ್ನ ನಮ್ಮ ಲೆಕ್ಕಕ್ಕೆ ತಂದ್ರೆ ಸಿಟಿಯಲ್ಲಿ ಲೀಟರಿಗೆ 11, ಹೈವೇಲಿ 14.5, ಒಟ್ಟಾರೆ 12.3 ಕಿ.ಮೀ. ಹೆಚ್ಚುಕಮ್ಮಿ ಅದೇ ಕಾರಿಗೆ ಯುರೋಪಿನ ಟೆಸ್ಟಲ್ಲಿ ಒಟ್ಟಾರೆ ಸುಮಾರು 14.5. ಕಾರು ಬದಲಾಗಿಲ್ಲ, ಟೆಸ್ಟ್ ಬದಲಾಯ್ತು ಅಷ್ಟೇ. ಅಮೆರಿಕದವರು 2008ರ ಮಾಡೆಲ್‌ಗಳಿಂದ ಎಸಿ, ಚಳಿ, ಜೋರು ಡ್ರೈವಿಂಗ್ ಎಲ್ಲವನ್ನೂ ಲೆಕ್ಕಕ್ಕೆ ಸೇರಿಸ್ತಾರೆ.

ಭಾಗ 3/7 ⛽

ಹಾಗಾದ್ರೆ ಪೆಟ್ರೋಲ್ ಎಲ್ಲಿ ಹೋಗುತ್ತೆ? ಲೆಕ್ಕ ಸುಲಭ ಆಗ್ಲಿ ಅಂತ ಪೂರ್ತಿ ಸೀರೀಸಲ್ಲಿ ಲೀಟರಿಗೆ 100 ರೂಪಾಯಿ ಅಂತ ಹಿಡೀತೀನಿ.

ಬ್ರೇಕ್: 1100 ಕೆಜಿ ಕಾರನ್ನ 60ರ ವೇಗಕ್ಕೆ ಏರಿಸಿ, ಮುಂದೆ ಆಟೋ ಅಡ್ಡ ಬಂತು ಅಂತ ಪೂರ್ತಿ ನಿಲ್ಸಿದ್ರಿ ಅಂದ್ಕೊಳ್ಳಿ. ಆ ವೇಗ ಬರಿಸೋಕೆ ಹೆಚ್ಚುಕಮ್ಮಿ 20 ಮಿ.ಲೀ. ಪೆಟ್ರೋಲ್ ಬೇಕು. ಬ್ರೇಕ್ ಒತ್ತಿದ ಕೂಡ್ಲೇ ಅಷ್ಟೂ ಬಿಸಿಯಾಗಿ ಗಾಳಿಗೆ ಹೋಯ್ತು, ಅಂದ್ರೆ 2 ರೂಪಾಯಿ. ಅದೇ 40ಕ್ಕೆ ಏರಿಸಿ ನಿಲ್ಸಿದ್ರೆ 1 ರೂಪಾಯಿಗೂ ಕಮ್ಮಿ. ಸ್ಪೋರ್ಟಿ ಕಾರಿನ ಕಷ್ಟ ಇಲ್ಲೇ ಇರೋದು. ಎರಡು ಸಿಗ್ನಲ್ ಮಧ್ಯೆ ಜಾಗ ಸಿಕ್ಕಿದ್ರೆ ಸಾಕು, 60 ತಂತಾನೇ ಆಗ್ಬಿಡುತ್ತೆ. ದಿನಕ್ಕೆ 40 ಸಲ ಹೀಗಾದ್ರೆ 80 ರೂಪಾಯಿ ಬರೀ ಬ್ರೇಕಿಗೆ.

ನಿಂತಲ್ಲೇ ಉರಿಯೋದು: ಚಿಕ್ಕ ಎಂಜಿನ್ ಕೂಡ ಐಡಲಲ್ಲಿ ಗಂಟೆಗೆ ಅರ್ಧ ಲೀಟರಿಗಿಂತ ಜಾಸ್ತಿ ಕುಡಿಯುತ್ತೆ, ಎಸಿ ಹಾಕಿದ್ರೆ ಇನ್ನೂ ಹೆಚ್ಚು. ಸಿಲ್ಕ್ ಬೋರ್ಡಲ್ಲಿ ನಿಂತಿದ್ದಾಗ ನಿಮ್ಮ ಮೈಲೇಜ್ ಸೊನ್ನೆ. ಆ ಹೊತ್ತಲ್ಲಿ ಫೆರಾರಿ ಆದ್ರೂ ಒಂದೇ, ಆಲ್ಟೊ ಆದ್ರೂ ಒಂದೇ.

ಗಾಳಿ: 80ರಿಂದ 120ಕ್ಕೆ ಹೋದ್ರೆ ವೇಗ ಒಂದೂವರೆ ಪಟ್ಟು, ಗಾಳಿಯ ಎದುರೇಟು 2.25 ಪಟ್ಟು. “ಹೈವೇಲಿ ಒಳ್ಳೆ ಮೈಲೇಜ್ ಬರುತ್ತೆ” ಅನ್ನೋ ಮಾತು ಹೈವೇಗೆ ಸಂಬಂಧಪಟ್ಟಿದ್ದಲ್ಲ, 80ರಲ್ಲಿ ಹೋಗೋದಕ್ಕೆ ಸಂಬಂಧಪಟ್ಟಿದ್ದು.

ಟರ್ಬೊ: ನಿಧಾನಕ್ಕೆ ಹೋದ್ರೆ ಟರ್ಬೊಗೆ ಹೆಚ್ಚು ಕೆಲಸ ಇರಲ್ಲ, ಎಂಜಿನ್ ಚಿಕ್ಕದಾಗೇ ಇರುತ್ತೆ. ಜೋರಾಗಿ ತುಳಿದ್ರೆ ಅದು ಗಾಳಿ ತುಂಬುತ್ತೆ, ತುಂಬಿದ ಗಾಳಿಗೆ ತಕ್ಕಷ್ಟು ಪೆಟ್ರೋಲೂ ಹೋಗುತ್ತೆ. ಪೂರ್ತಿ ತುಳಿದಾಗ ಎಂಜಿನ್ ತಣ್ಣಗಿಡೋಕೆ ಅಂತಲೇ ಇನ್ನೊಂದಿಷ್ಟು ಸುರಿಯುತ್ತೆ. ಲ್ಯಾಬ್ ಟೆಸ್ಟಲ್ಲಿ ಆ ಮಟ್ಟಕ್ಕೆ ಯಾರೂ ತುಳಿಯಲ್ಲ. ಚಿಕ್ಕ ಟರ್ಬೊ ಕಾರುಗಳಲ್ಲಿ ಕಾಗದಕ್ಕೂ ರಸ್ತೆಗೂ ಇಷ್ಟು ಅಂತರ ಬರೋಕೆ ಇದೇ ದೊಡ್ಡ ಕಾರಣ.

ಭಾಗ 4/7 🧮

ಈಗ ಒಂದು ಚಿಕ್ಕ ಪರೀಕ್ಷೆ. ಕೆಳಗೆ ನೋಡದೆ ಉತ್ತರ ಹೇಳಿ.

ರವಿಯ ಕಾರು ಲೀಟರಿಗೆ 10 ಕೊಡ್ತಿತ್ತು, ಡ್ರೈವಿಂಗ್ ಸರಿಮಾಡ್ಕೊಂಡ, 12 ಆಯ್ತು. ಸುಮಾಳ ಕಾರು 20 ಕೊಡ್ತಿತ್ತು, 25 ಆಯ್ತು. ಯಾರಿಗೆ ಹೆಚ್ಚು ಉಳಿತಾಯ?

ಎಲ್ಲರೂ ಸುಮಾ ಅಂತಾರೆ. 5 ಜಾಸ್ತಿ ಆಗಿದೆ ಅಲ್ವಾ! 1000 ಕಿ.ಮೀ. ಲೆಕ್ಕ ಹಾಕಿ. ರವಿಗೆ ಮೊದಲು 100 ಲೀಟರ್ ಬೇಕಿತ್ತು, ಈಗ 83.3 ಸಾಕು. ಉಳಿದಿದ್ದು 16.7 ಲೀಟರ್. ಸುಮಾಗೆ ಮೊದಲು 50 ಬೇಕಿತ್ತು, ಈಗ 40. ಉಳಿದಿದ್ದು 10 ಲೀಟರ್. ಬರೀ 2 ಏರಿಸಿದ ರವಿ 1,670 ರೂಪಾಯಿ ಉಳಿಸಿದ, 5 ಏರಿಸಿದ ಸುಮಾ 1,000 ರೂಪಾಯಿ.

ಅಮೆರಿಕದ ಡ್ಯೂಕ್ ಯೂನಿವರ್ಸಿಟಿಯ ರಿಚರ್ಡ್ ಲ್ಯಾರಿಕ್ ಮತ್ತು ಜ್ಯಾಕ್ ಸೋಲ್ ಇದೇ ಗೊಂದಲದ ಬಗ್ಗೆ 2008ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದ್ರು. ಯುರೋಪಿನವರು ಮೊದಲಿಂದಲೂ ಉಲ್ಟಾ ಅಳೀತಾರೆ: 100 ಕಿ.ಮೀ.ಗೆ ಎಷ್ಟು ಲೀಟರ್ ಅಂತ. ಅದರಲ್ಲಿ ಈ ಮೋಸ ಆಗಲ್ಲ. ನಾವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗೋಣ, ಕಿ.ಮೀ.ಗೆ ಎಷ್ಟು ರೂಪಾಯಿ ಅಂತ ಕೇಳೋಣ. ಲೀಟರಿಗೆ 10 ಅಂದ್ರೆ ಕಿ.ಮೀ.ಗೆ 10 ರೂಪಾಯಿ. 14 ಅಂದ್ರೆ 7.14. ಅಪ್ಪನಿಗೂ ಅರ್ಥ ಆಗುತ್ತೆ, ಬಂಕ್ ಹುಡುಗನಿಗೂ ಅರ್ಥ ಆಗುತ್ತೆ.

ಭಾಗ 5/7 📱

ರೀಲ್ಸಲ್ಲಿ ಬರೋ ಮೈಲೇಜ್ ನಂಬಬೇಡಿ. ಕಾರಿನ ಸ್ಕ್ರೀನಲ್ಲಿ 28 ಅಂತ ತೋರಿಸಿ, ಹಿಂದೆ ಒಂದು ಮ್ಯೂಸಿಕ್ ಹಾಕಿ, “ಟರ್ಬೊ ಕಾರು ಕುಡಿಯುತ್ತೆ ಅಂದೋರೆಲ್ಲ ಬನ್ನಿ” ಅಂತ ಹಾಕಿರ್ತಾರೆ. ಕೊಟ್ಟಿಗೆಹಾರದಲ್ಲಿ ಟ್ರಿಪ್ ಮೀಟರ್ ರೀಸೆಟ್ ಮಾಡಿ ಚಾರ್ಮಾಡಿ ಘಾಟಿ ಇಳಿದ್ರೆ ಯಾವ ಕಾರಲ್ಲಿ ಬೇಕಾದ್ರೂ ಅಂಥ ಫೋಟೋ ತೆಗೀಬಹುದು. ಗೇರಲ್ಲೇ ಇದ್ದು ಆಕ್ಸಿಲರೇಟರ್ ಬಿಟ್ಟು ಇಳಿಯುವಾಗ ಈಗಿನ ಎಂಜಿನ್‌ಗಳು ಪೆಟ್ರೋಲ್ ಬಿಡೋದನ್ನೇ ನಿಲ್ಸುತ್ವೆ. ಅದೇ ಹುಡುಗ ವಾಪಸ್ ಘಾಟಿ ಹತ್ತಿದ ಫೋಟೋ ಹಾಕಿದ್ನಾ ಕೇಳಿ.

(ಅಂದಹಾಗೆ, ಇಳಿಜಾರಲ್ಲಿ ನ್ಯೂಟ್ರಲ್ ಹಾಕೋದ್ರಿಂದ ಪೆಟ್ರೋಲ್ ಉಳಿಯಲ್ಲ, ಎಂಜಿನ್ ಐಡಲಲ್ಲಿ ಉರೀತಾನೇ ಇರುತ್ತೆ. ಮೇಲಿಂದ ಬ್ರೇಕ್ ಬೇರೆ ಕಾಯುತ್ತೆ. ದಯವಿಟ್ಟು ಬೇಡ.)

ಸರಿಯಾಗಿ ಅಳೆಯೋ ದಾರಿ ಹಳೇದೇ:

1. ಬಂಕಲ್ಲಿ ಫುಲ್ ಟ್ಯಾಂಕ್ ಹಾಕ್ಸಿ. ಮೊದಲ ಸಲ ತಾನಾಗೇ ಕಟ್ ಆದ ಕೂಡ್ಲೇ ನಿಲ್ಸಿ. ರೌಂಡ್ ಫಿಗರ್ ಮಾಡೋಕೆ ಹೋಗಬೇಡಿ.
2. ಓಡೋಮೀಟರ್ ಬರ್ಕೊಳ್ಳಿ.
3. ಟ್ಯಾಂಕ್ ಮುಕ್ಕಾಲು ಖಾಲಿ ಆಗೋವರೆಗೂ ದಿನಾ ಓಡಿಸೋ ಹಾಗೇ ಓಡ್ಸಿ. ಪರೀಕ್ಷೆ ಅಂತ ಒಳ್ಳೆ ಹುಡುಗ ಆಗೋದು ಬೇಡ.
4. ಅದೇ ಬಂಕ್, ಸಾಧ್ಯ ಆದ್ರೆ ಅದೇ ಪಂಪ್. ಮತ್ತೆ ಕಟ್ ಆಗೋವರೆಗೆ ಹಾಕ್ಸಿ.
5. ಓಡಿದ ಕಿ.ಮೀ.ಯನ್ನ ಈಗ ಹಾಕಿಸಿದ ಲೀಟರಿಂದ ಭಾಗಿಸಿ.
6. ಮೂರು ಟ್ಯಾಂಕ್ ಹೀಗೇ ಮಾಡಿ, ಒಟ್ಟು ಕಿ.ಮೀ.ಯನ್ನ ಒಟ್ಟು ಲೀಟರಿಂದ ಭಾಗಿಸಿ.

ಸೆಕೆಂಡ್ ಹ್ಯಾಂಡ್ ಕಾರು ಮಾರೋರು ಹೇಳೋ ಮೈಲೇಜ್ ಕೇಳಿ, ಆದ್ರೆ “ದಿನಾ ಎಲ್ಲಿಂದ ಎಲ್ಲಿಗೆ ಹೋಗ್ತಿದ್ರಿ ಸಾರ್?” ಅಂತ ಮುಂದಿನ ಪ್ರಶ್ನೆ ಕೇಳದೆ ಬರಬೇಡಿ. ಹಾಸನದಿಂದ ಸಕಲೇಶಪುರಕ್ಕೆ ಹೋಗಿಬರ್ತಿದ್ದವರ 15, ಮಾರತ್‌ಹಳ್ಳಿಯಲ್ಲಿ ನಿಮಗೆ ಸಿಗಲ್ಲ.

ಭಾಗ 6/7 📒 (ಇದನ್ನ ಸೇವ್ ಮಾಡ್ಕೊಳ್ಳಿ)

ಕಾಸ್ಟ್ ಅಕೌಂಟಿಂಗಲ್ಲಿ ಆಪರೇಟಿಂಗ್ ಕಾಸ್ಟಿಂಗ್ ಚಾಪ್ಟರ್ ನೆನಪಿದೆಯಾ? ಒಂದು ಬಸ್ಸು, ಸ್ಟ್ಯಾಂಡಿಂಗ್ ಚಾರ್ಜಸ್, ರನ್ನಿಂಗ್ ಚಾರ್ಜಸ್, ಕಿ.ಮೀ.ಗೆ ಎಷ್ಟು ಕಾಸ್ಟ್. ಹತ್ತು ಮಾರ್ಕ್ಸಿಗೆ ಬಸ್ಸಿನ ಲೆಕ್ಕ ಮಾಡ್ತೀವಿ, ನಮ್ಮದೇ ಕಾರಿಗೆ ಮಾಡಲ್ಲ. ಮಾಡೋಣ.

ಇವು ಉದಾಹರಣೆಗೆ ಇಟ್ಕೊಂಡ ಅಂಕಿಗಳು, ನಿಮ್ಮದನ್ನ ಹಾಕಿ ನೋಡಿ. 6 ಲಕ್ಷದ ಹಳೇ ಕಾರು, ಪೂರ್ತಿ ಸಾಲ, 12% ಬಡ್ಡಿ, 5 ವರ್ಷ. ಇಎಂಐ ಸುಮಾರು 13,350. ಐದು ವರ್ಷದ ನಂತರ ಕಾರು 3 ಲಕ್ಷಕ್ಕೆ ಹೋಗುತ್ತೆ ಅಂತ ಹಿಡಿಯಿರಿ. ತಿಂಗಳಿಗೆ 600 ಕಿ.ಮೀ., ಲೀಟರಿಗೆ 10.

ತಿಂಗಳ ಲೆಕ್ಕ:
▪️ ಬಡ್ಡಿ (ಸರಾಸರಿ): 3,350
▪️ ಡೆಪ್ರಿಸಿಯೇಶನ್: 5,000
▪️ ಇನ್ಶೂರೆನ್ಸ್: 1,250
▪️ ಸರ್ವಿಸ್: 1,250
▪️ ಟೈರ್: 420
▪️ ಪೆಟ್ರೋಲ್: 6,000
ಒಟ್ಟು: 17,270. ಕಿ.ಮೀ.ಗೆ 28.8 ರೂಪಾಯಿ.

ಈಗ ನೀವು ಸಾಧು ಥರ ಓಡಿಸಿ 10ನ್ನ 14 ಮಾಡಿದ್ರಿ ಅನ್ನೋಣ. ಮೈಲೇಜ್ 40% ಏರ್ತು! ಪೆಟ್ರೋಲ್ 4,290ಕ್ಕೆ ಇಳೀತು. ಒಟ್ಟು ಖರ್ಚು? 15,560. ಅಂದ್ರೆ ಬರೀ 10% ಕಮ್ಮಿ. ಉಳಿದದ್ದರಲ್ಲಿ ಬಹುಪಾಲು ಕಾರು ಮನೆ ಮುಂದೆ ನಿಂತಿದ್ರೂ ಹೋಗೋ ದುಡ್ಡು.

“ನಾನು ಕಮ್ಮಿ ಓಡಿಸ್ತೀನಿ, ವೀಕೆಂಡಿಗೆ ಮಾತ್ರ” ಅನ್ನೋರು ಕೇಳಿ. 600ರ ಬದಲು 300 ಕಿ.ಮೀ. ಓಡಿಸಿದ್ರೆ ಒಟ್ಟು 14,060. ಕಿ.ಮೀ.ಗೆ ಸುಮಾರು 47 ರೂಪಾಯಿ. ಆ ದುಡ್ಡಲ್ಲಿ ಕ್ಯಾಬ್ ಮಾಡ್ಕೊಂಡು ಹಿಂದಿನ ಸೀಟಲ್ಲಿ ಮಲಗಿಕೊಂಡು ಹೋಗಬಹುದು.

ಇನ್ನೊಂದು ಮಾತು. ಮೇಲಿಂದು ಕಾಸ್ಟ್. ತಿಂಗಳು ತಿಂಗಳು ಜೇಬಿಂದ ಹೋಗೋದು ಬೇರೆ, ಯಾಕಂದ್ರೆ ಇಎಂಐಯಲ್ಲಿ ಅಸಲೂ ಇರುತ್ತೆ. ಇಎಂಐ 13,350, ಜೊತೆಗೆ ಇನ್ಶೂರೆನ್ಸ್, ಸರ್ವಿಸ್, ಟೈರ್, ಪೆಟ್ರೋಲ್ ಸೇರಿದ್ರೆ 22,270. ಮೊದಲ ಸಂಬಳ ಕೈಗೆ 25,000 ಬರುತ್ತೆ ಅಂದ್ರೆ ಉಳಿಯೋದು 2,730. ಪಿಜಿ ಬಾಡಿಗೆ ಯಾರು ಕಟ್ತಾರೆ? ಸಾಲದ ಪೇಪರಲ್ಲಿ ಸಹಿ ಹಾಕಿದವರು ಯಾರೋ ಅವರೇ.

ಭಾಗ 7/7 🔑

ನಾನು ಕಾರಿನ ವಿರೋಧಿ ಅಲ್ಲ. ಚಿಕ್ಕ ಹಗುರ ಕಾರು, ಚುರುಕಾದ ಸ್ಟೀರಿಂಗ್, ಮುಂಜಾನೆ ಖಾಲಿ ರಸ್ತೆ, ಈ ಖುಷಿಗೆ ಬೆಲೆ ಇದೆ ಅಂತ ನಾನೂ ಒಪ್ತೀನಿ. ಖುಷಿಗೆ ಖರ್ಚು ಮಾಡೋದು ತಪ್ಪಲ್ಲ. ಖುಷಿಯ ಬೆಲೆ ಎಷ್ಟು ಅಂತ ಗೊತ್ತಿಲ್ಲದೆ ಮಾಡೋದು, ಗೊತ್ತಿಲ್ಲದೆ ಅಪ್ಪನ ಕೈಲಿ ಸಹಿ ಹಾಕ್ಸೋದು, ಅದಕ್ಕೆ ನನ್ನ ವಿರೋಧ.

ಮನೆಯ ಹಿರಿಯರಿಗೂ ಒಂದು ಮಾತು. “ಮೈಲೇಜ್ ಇಲ್ಲ” ಅಂತ ಸ್ಪೋರ್ಟಿ ಕಾರು ಬೇಡ ಅಂದು, ಅದೇ ಮಗನಿಗೆ 11 ಲಕ್ಷದ ಹೊಸ ಕಾರು ಸಾಲದಲ್ಲಿ ಕೊಡಿಸೋರು ಇದ್ದಾರೆ. “ಲೀಟರಿಗೆ 22 ಕೊಡುತ್ತೆ” ಅಂತ ಸಮಾಧಾನ. ತಿಂಗಳಿಗೆ 600 ಕಿ.ಮೀ. ಓಡ್ಸೋರಿಗೆ 10ಕ್ಕೂ 22ಕ್ಕೂ ಇರೋ ವ್ಯತ್ಯಾಸ ಸುಮಾರು 3,270 ರೂಪಾಯಿ. ಹೆಚ್ಚಿಗೆ ತಗೊಂಡ 5 ಲಕ್ಷದ ಸಾಲಕ್ಕೆ ಅದೇ ಬಡ್ಡಿಯಲ್ಲಿ ಇಎಂಐ 11,100ಕ್ಕೂ ಜಾಸ್ತಿ. ಪೆಟ್ರೋಲಲ್ಲಿ ಉಳೀತು ಅಂತ ಬ್ಯಾಂಕಿಗೆ ಮೂರು ಪಟ್ಟು ಕಟ್ಟಿದ ಹಾಗಾಯ್ತು.

ಹಾಗಾದ್ರೆ ಏನು ಮಾಡೋದು? ನನ್ನ ಸಲಹೆ ಇಷ್ಟೇ. ಸಾಲ ತೀರಿಸೋಕೆ ನಿಮ್ಮ ಸಂಬಳ ಸಾಕಾಗುತ್ತಾ ಅಂತ ಭಾಗ 6ರ ಲೆಕ್ಕ ಬರೆದು ನೋಡಿ. ಸಾಕಾಗಲ್ಲ ಅಂದ್ರೆ ಆರು ತಿಂಗಳು ಆ ಇಎಂಐ ದುಡ್ಡನ್ನ ನಿಮ್ಮ ಹೆಸರಲ್ಲೇ ಆರ್‌ಡಿ ಕಟ್ಟಿ. ಕಟ್ಟೋಕೆ ಆದ್ರೆ ಡೌನ್ ಪೇಮೆಂಟ್ ಸಿಕ್ತು. ಆಗಲಿಲ್ಲ ಅಂದ್ರೆ ಉತ್ತರ ಸಿಕ್ತು, ಕಾರೂ ಬರಲಿಲ್ಲ, ಸಾಲವೂ ಬರಲಿಲ್ಲ.

ಸಾಕಾಗುತ್ತೆ ಅಂದ್ರೆ ಧೈರ್ಯವಾಗಿ ತಗೊಳ್ಳಿ, ಲೀಟರಿಗೆ 10 ಬಂದ್ರೂ ಬೇಜಾರ್ ಮಾಡ್ಕೋಬೇಡಿ. ಯಾರಾದ್ರೂ “ಎಷ್ಟ್ ಕೊಡುತ್ತೆ?” ಅಂದ್ರೆ “ಕಿ.ಮೀ.ಗೆ 29 ರೂಪಾಯಿ ತಗೊಳುತ್ತೆ” ಅನ್ನಿ.

ಈಗಾಗಲೇ ಕಾರು ಇರೋರು ಮೂರು ಟ್ಯಾಂಕ್ ಅಳೆದು ಕಿ.ಮೀ.ಗೆ ಎಷ್ಟು ರೂಪಾಯಿ ಅಂತ ಕಾಮೆಂಟಲ್ಲಿ ಹಾಕಿ, ಯಾವ ಊರು ಅನ್ನೋದನ್ನೂ ಬರೀರಿ. ಆಫರ್ ಲೆಟರ್ ಬಂದಿರೋ ಗೆಳೆಯರಿಗೆ ಭಾಗ 6 ಕಳಿಸಿ, ಅವರ ಅಪ್ಪ ಸಹಿ ಹಾಕೋ ಮುಂಚೆ.

#ಬಿಕಾಂಲೆಕ್ಕ #ಎಷ್ಟ್‌ಕೊಡುತ್ತೆ #ಮೈಲೇಜ್ #ಕಾರ್‌ಕನ್ನಡ #ದುಡ್ಡಿನಮಾತು