ಬೀಳುವ ಹಲ್ಲಿಗೆ ಉಕ್ಕಿನ ಕವಚವೇಕೆ?

“ಹೇಗೂ ಬೀಳುವ ಹಾಲುಹಲ್ಲು; ಅದಕ್ಕೆ ಸ್ಟೀಲಿನ ಕ್ಯಾಪು ಹಾಕಿಸಿ ಹಣ ಸುರಿಯುವುದೇಕೆ?” ಬದಿಯಡ್ಕದ ಕಡೆಯ ಸೋದರಿಯೊಬ್ಬರು ತಮ್ಮ ಮನೆಯಲ್ಲಿ ಎದ್ದ ಈ ಪ್ರಶ್ನೆಯನ್ನು ನಮಗೆ ಬರೆದು ಕಳುಹಿಸಿದ್ದಾರೆ. ಅವರ ಆರು ವರ್ಷದ ಮಗಳ ದವಡೆಹಲ್ಲೊಂದು ಹುಳುಕಾಗಿದೆ. ದಂತವೈದ್ಯರು ಉಕ್ಕಿನ ಕವಚ ಹಾಕಬೇಕೆಂದರು. ಕೀಳಿಸಿದರಾಯಿತು ಎಂಬುದು ಅತ್ತೆಯವರ ವಾದ. ಹೆಣ್ಣುಮಗುವಿನ ಬಾಯಲ್ಲಿ ಲೋಹ ಹೊಳೆದರೆ ಶಾಲೆಯಲ್ಲಿ ನಕ್ಕಾರೆಂಬುದು ಯಜಮಾನರ ಅಳುಕು. ಈ ಅಂಕಣದಲ್ಲಿ ಉತ್ತರ ಬಂದರೆ ಮನೆಮಂದಿಗೆ ಓದಿ ಹೇಳುವೆನೆಂದು ಸೋದರಿ ತಿಳಿಸಿದ್ದಾರೆ.

“ಹೇಗೂ ಬೀಳುವ ಹಲ್ಲು” ಎಂಬ ಮಾತನ್ನು ಹಿಂದೊಮ್ಮೆ ನಾವೂ ಆಡಿದವರೇ. ನಮ್ಮ ಹಿರಿಯ ಮಗನ ಇಂಥದೇ ಹಲ್ಲನ್ನು ನಾವೇ ಹಟ ಹಿಡಿದು ಕೀಳಿಸಿದೆವು. ನೋವೇನೋ ಅಂದೇ ಹೋಯಿತು. ಕೆಲವು ವರ್ಷಗಳಲ್ಲಿ ಹಿಂದಿನ ಹಲ್ಲು ಮುಂದಕ್ಕೆ ವಾಲಿ ಆ ಜಾಗವನ್ನು ನುಂಗಿತು. ಅಲ್ಲಿ ಹುಟ್ಟಬೇಕಾದ ಹಲ್ಲು ಸಾಲು ತಪ್ಪಿ ಹೊರಗೆ ಮೂಡಿತು. ಆತ ಇಂದಿಗೂ ತುಟಿ ಬಿಗಿದೇ ನಗುತ್ತಾನೆ.

ಹಾಲುಹಲ್ಲುಗಳು ಒಟ್ಟು 20. ಮುಂದಿನವು ಆರೇಳರ ವಯಸ್ಸಿನಲ್ಲಿ ಬೀಳತೊಡಗುವುದರಿಂದ ಎಲ್ಲವೂ ಆಗಲೇ ಹೋಗುತ್ತವೆಂದು ನಾವು ತಿಳಿಯುತ್ತೇವೆ. ದವಡೆಯ ಹಾಲುಹಲ್ಲುಗಳಾದರೋ 9ರಿಂದ 12 ವರ್ಷದವರೆಗೆ ಇರತಕ್ಕವು. ಇವುಗಳ ಹಿಂದೆ, ಯಾವ ಹಲ್ಲೂ ಬೀಳದೆಯೇ, ಸುಮಾರು ಆರನೆಯ ವರ್ಷದಲ್ಲಿ ಶಾಶ್ವತವಾದ ದೊಡ್ಡ ದವಡೆಹಲ್ಲು ಬರುತ್ತದೆ. ಅದು ಮುಂದೆ ಸರಿಯದಂತೆ ತಡೆದು, ಒಳಗೆ ಬೆಳೆಯುತ್ತಿರುವ ಹಲ್ಲಿಗೆ ಜಾಗ ಕಾಯುವುದು ಹಾಲುಹಲ್ಲಿನ ಕೆಲಸ. ಈ ಮಗುವಿನ ಹಲ್ಲು ಇನ್ನೂ ಹಲವು ವರ್ಷ ದುಡಿಯಬೇಕಾಗಿದೆ.

ಹಾಗಾದರೆ ಸಿಮೆಂಟು ತುಂಬಿದರೆ ಸಾಲದೆ? ಸಣ್ಣ ಕುಳಿಗೆ ಸಾಕು. ಆದರೆ ಹಾಲುಹಲ್ಲಿನ ಹೊರಕವಚ ತೆಳು. ಒಳಗಿನ ನರ ದೊಡ್ಡದು, ಮೇಲ್ಮೈಗೆ ಹತ್ತಿರ. ಎರಡು ಹಲ್ಲುಗಳ ನಡುವೆ ಹುಳುಕು ಹರಡಿದಾಗ ತುಂಬಿದ್ದು ಒಡೆದು ಬೀಳುವುದುಂಟು. ಉಕ್ಕಿನ ಕವಚ ಇಡೀ ಹಲ್ಲನ್ನೇ ಮುಚ್ಚುತ್ತದೆ. ಅಮೆರಿಕದ ಹಂಫ್ರಿ ಎಂಬ ದಂತವೈದ್ಯರು 1950ರಲ್ಲಿ ಮಕ್ಕಳ ಹಲ್ಲಿಗೆ ಇದರ ಬಳಕೆಯನ್ನು ವಿವರಿಸಿದರು. ಬೇರೆ ಬೇರೆ ಅಳತೆಗಳಲ್ಲಿ ಸಿದ್ಧವಾಗಿಯೇ ದೊರೆಯುವುದರಿಂದ ಅಚ್ಚು ತೆಗೆದು ಮಾಡಿಸುವ ಗೊಡವೆಯಿಲ್ಲ.

ಹಳೆಯ ಪದ್ಧತಿಯಲ್ಲಿ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು, ಹುಳುಕು ತೆಗೆದು, ಹಲ್ಲನ್ನು ತುಸು ಸವೆಸಿ ಕವಚ ಕೂರಿಸುತ್ತಾರೆ. ಸ್ಕಾಟ್ಲೆಂಡಿನ ದಂತವೈದ್ಯೆ ನಾರ್ನಾ ಹಾಲ್ ಇನ್ನೂ ಸರಳವಾದ ದಾರಿ ಹಿಡಿದರು. ಸೂಜಿಯಿಲ್ಲದೆ, ಕೊರೆಯದೆ, ಕವಚಕ್ಕೆ ಸಿಮೆಂಟು ತುಂಬಿ ಹಲ್ಲಿನ ಮೇಲೆ ಒತ್ತಿ ಕೂರಿಸುವುದು. ಗಾಳಿ, ಆಹಾರ ಸೋಕದಂತೆ ಮುಚ್ಚಿದ ಹುಳುಕು ಮುಂದುವರಿಯದೆ ನಿಲ್ಲುತ್ತದೆ. ಅಲ್ಲಿಯ 132 ಮಕ್ಕಳಲ್ಲಿ ನಡೆದ ಪರೀಕ್ಷೆಯ ಫಲಿತಾಂಶ 2007ರಲ್ಲಿಯೂ, ಐದು ವರ್ಷಗಳ ಅನುಭವ 2011ರಲ್ಲಿಯೂ ಪ್ರಕಟವಾದವು. ಸಿಮೆಂಟು ತುಂಬಿದ ಹಲ್ಲುಗಳಿಗಿಂತ ಹೀಗೆ ಕವಚ ಹಾಕಿದವುಗಳಲ್ಲಿ ನೋವು, ಕೀವು ಕಡಿಮೆಯೆಂದು ಕಂಡುಬಂದಿತು.

ಎಲ್ಲ ಹಲ್ಲಿಗೂ ಇದು ಹೊಂದದು. ರಾತ್ರಿ ಎಬ್ಬಿಸುವ ನೋವು, ಒಸಡಿನಲ್ಲಿ ಕೀವಿನ ಗುಳ್ಳೆ, ಊದಿದ ಕೆನ್ನೆ ಇದ್ದರೆ ಮೊದಲು ನರದ ಚಿಕಿತ್ಸೆಯೋ, ಕೀಳುವುದೋ ಆಗಬೇಕು. ಕಿತ್ತರೂ ಜಾಗ ಕಾಯುವ ತಂತಿ ಬೇಕೇ ಎಂದು ಕೇಳಬೇಕು. ಉಕ್ಕಿನಲ್ಲಿ ನಿಕಲ್ ಇರುವುದರಿಂದ, ಅದು ಮಗುವಿಗೆ ಒಗ್ಗದಿದ್ದರೆ ವೈದ್ಯರಿಗೆ ತಿಳಿಸಬೇಕು.

ಕವಚ ಹಾಕಿದ ದಿನ ಬಿಗಿತವೆನಿಸುತ್ತದೆ. ಒತ್ತಿ ಕೂರಿಸಿದ ಕವಚವಾದರೆ ಕಚ್ಚುವಾಗ ಎತ್ತರವೆನಿಸುವುದುಂಟು. ಕೆಲವು ವಾರಗಳಲ್ಲಿ ಹೊಂದಿಕೊಳ್ಳುತ್ತದೆ. ಅಂಟುವ ಮಿಠಾಯಿ ಬೇಡ. ರಾತ್ರಿ ಮಲಗುವ ಮುನ್ನ ಫ್ಲೋರೈಡ್ ಇರುವ ಪೇಸ್ಟಿನಿಂದ ಹಿರಿಯರೇ ಹಲ್ಲುಜ್ಜಿಸಬೇಕು. ಕಾಲ ಬಂದಾಗ ಹಲ್ಲಿನೊಡನೆ ಕವಚವೂ ಬಿದ್ದುಹೋಗುತ್ತದೆ.

ಚಂದದ ವಿಷಯಕ್ಕೆ ಬಂದರೆ, ಹಿಂದಿನ ದವಡೆಯ ಉಕ್ಕು ಬಾಯಗಲಿಸಿ ನಕ್ಕಾಗಲಷ್ಟೇ ಕಂಡೀತು. ಬಿಳಿಯ ಜಿರ್ಕೋನಿಯ ಕವಚಗಳೂ ಇವೆ. ಅವಕ್ಕೆ ಬೆಲೆ ಹೆಚ್ಚು, ಹಲ್ಲನ್ನೂ ಹೆಚ್ಚು ಸವೆಸಬೇಕು.

ಸೋದರಿಗೆ ಇನ್ನೊಂದು ಮಾತು. ಮಲಯಾಳದಲ್ಲಿ ಹೇಳಿದ್ದು ಅರೆಬರೆ ತಿಳಿದರೂ ತಲೆಯಾಡಿಸಿ ಬರುವುದು ನಮ್ಮವರ ರೂಢಿ. ನರ ಉಳಿದಿದೆಯೇ, ಯಾವ ಪದ್ಧತಿ, ಮತ್ತೆ ತೋರಿಸುವುದೆಂದು ಎಂಬ ಮೂರನ್ನು ಸಂಕೋಚಪಡದೆ ಕೇಳಿರಿ. ಸಾಧ್ಯವಾದರೆ ಅತ್ತೆಯವರನ್ನೂ ಜೊತೆಗೆ ಕರೆದೊಯ್ಯಿರಿ. ವೈದ್ಯರು ಕನ್ನಡಿಯಲ್ಲಿ ತೋರಿಸಿದರೆ ಅವರೂ ಒಪ್ಪಿಯಾರು. ಮುಂದೇನಾಯಿತೆಂದು ನಮಗೂ ಎರಡು ಸಾಲು ಬರೆಯಿರಿ.